ಎಲೆ ಅಡಿಕೆ ಸುಣ್ಣ ಆದೀತು, ತಾಮ್ರದ ಆರ್‌ಒ ನೀರು ಬೇಡ

ಸಂಪಾದಕರಿಗೆ,

ಮಾನ್ಯರೇ,

ಮೈಸೂರಿಗೆ ಮಂಗಳೂರಿನ ಕಡಲು ಸುಮಾರು 250 ಕಿಲೋಮೀಟರ್ ದೂರ. ಆದರೂ ಇಲ್ಲಿಯ ಮನೆಗಳಲ್ಲಿ ಉಪ್ಪುನೀರಿನ ತೊಟ್ಟಿ ಇಟ್ಟು ಕ್ಲೌನ್‌ಫಿಶ್, ಸಿಗಡಿ, ಮೆತ್ತನೆ ಹವಳ ಸಾಕುವ ಆಸೆ ಹುಟ್ಟಿದೆ. ಇದಕ್ಕೆಂದೇ ಮಾರುವ ಸಾಮಾನಿನ ಬೆಲೆ ಕೇಳಿ ಹಿಂಜರಿದವರು ಮೊಬೈಲಿನಲ್ಲಿ ವಿಡಿಯೊ ನೋಡಿಕೊಂಡು ಮನೆಯಲ್ಲಿರುವುದನ್ನೇ ಬಳಸಲು ಹೊರಡುತ್ತಾರೆ. ಅದರಲ್ಲಿ ತಪ್ಪೇನಿಲ್ಲ. ಬೇಕಾದ ಸಾಮಾನಿನಲ್ಲಿ ಎಷ್ಟೋ ಅಡುಗೆಮನೆಯಲ್ಲಿ, ಮೆಡಿಕಲ್ ಶಾಪಿನಲ್ಲಿ, ಎಲೆ ಅಡಿಕೆ ಅಂಗಡಿಯಲ್ಲಿ ಸಿಗುತ್ತದೆ. ತೊಂದರೆ ಏನೆಂದರೆ, ಆ ವಿಡಿಯೊಗಳು ಬೇರೆ ದೇಶದ ಮನೆಗಳನ್ನು ನೋಡಿ ಮಾಡಿದವು. ತಾಮ್ರದ ಚೊಂಬು, ಹಿತ್ತಾಳೆ ಬಾಲ್ ಕಾಕ್, ಔಷಧ ಲೇಪಿಸಿದ ಸೊಳ್ಳೆಪರದೆ, ಇರುವೆ ಚಾಕ್ ಇರುವ ನಮ್ಮ ಮನೆಗಳಿಗೆ ಬೇಕಾದ ಎಚ್ಚರಿಕೆ ಅವುಗಳಲ್ಲಿ ಸಿಗುವುದಿಲ್ಲ. ಅದಕ್ಕಾಗಿ ಈ ಪತ್ರ.

ಯಾವ ವಸ್ತುವನ್ನಾದರೂ ತೊಟ್ಟಿಗೆ ಇಳಿಸುವ ಮುಂಚೆ ಅದರ ಬೆಲೆಗಿಂತ ಮೊದಲು ನೋಡಬೇಕಾದ್ದು ಅದನ್ನು ಯಾವುದರಿಂದ ಮಾಡಿದ್ದಾರೆ ಎಂಬುದನ್ನು. ಉಪ್ಪುನೀರಿನಲ್ಲಿ ಆರು ತಿಂಗಳು ಮುಳುಗಿದ್ದರೆ ಅದು ಏನನ್ನು ಬಿಟ್ಟೀತು ಎಂಬುದಕ್ಕೆ ಉತ್ತರ ಗೊತ್ತಿಲ್ಲದ ವಸ್ತು ಹೊರಗೇ ಇರಲಿ.

ಮೊದಲು ನೀರು. ಮನೆಯ ಆರ್‌ಒ ಯಂತ್ರವಿದ್ದರೆ ಅರ್ಧ ಕೆಲಸ ಮುಗಿಯಿತು ಎಂದುಕೊಳ್ಳುತ್ತೇವೆ. ಆದರೆ ಕುಡಿಯುವ ನೀರಿಗೆ ರುಚಿ ಬರಲಿ ಎಂದು ಈ ಯಂತ್ರಗಳಲ್ಲಿ ಹಲವು ಕೊನೆಯಲ್ಲಿ ಖನಿಜ ಸೇರಿಸುತ್ತವೆ, ಇಲ್ಲವೇ ಟಿಡಿಎಸ್ (ನೀರಿನಲ್ಲಿ ಕರಗಿದ ಲವಣಗಳ ಒಟ್ಟು ಅಳತೆ) ಕಂಟ್ರೋಲರ್ ಮೂಲಕ ಸ್ವಲ್ಪ ಹಸಿ ನೀರನ್ನೇ ಬೆರೆಸುತ್ತವೆ. ಆರೋಗ್ಯಕ್ಕೆ ಒಳ್ಳೆಯದೆಂದು ತಾಮ್ರ ಬೆರೆಸುವ ಮಾದರಿಗಳೂ ಈಗ ಬಹಳ. ಮನುಷ್ಯರಿಗೆ ಅದು ಸರಿ. ಹವಳ, ಸಿಗಡಿ, ಬಸವನಹುಳುಗಳಿಗೆ ವಿಷ. ಮೀನಿನ ರೋಗಕ್ಕೆ ಮದ್ದಾಗಿ ಹಾಕುವ 0.2 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ 0.2 ಪಾಲು) ತಾಮ್ರವೇ ಬೆನ್ನುಮೂಳೆಯಿಲ್ಲದ ಕಡಲಜೀವಿಗಳನ್ನು ಕೊಲ್ಲಲು ಸಾಕು. ಹಾಗೆ ಸೇರಿದ ತಾಮ್ರ ಕಲ್ಲು, ಮರಳಿಗೆ ಅಂಟಿಕೊಂಡು ಮುಂದೆ ತಿಂಗಳುಗಟ್ಟಲೆ ಸ್ವಲ್ಪಸ್ವಲ್ಪವೇ ಬಿಡುತ್ತಿರುತ್ತದೆ. ಮೀನಿಗೆ ತಾಮ್ರದ ಮದ್ದು ಹಾಕಿದ್ದ ಸೆಕೆಂಡ್ ಹ್ಯಾಂಡ್ ತೊಟ್ಟಿ, ಅದರ ಕಲ್ಲು ಅಗ್ಗಕ್ಕೆ ಸಿಕ್ಕರೂ ಬೇಡ ಎನ್ನುವುದು ಇದೇ ಕಾರಣಕ್ಕೆ.

ಆದ್ದರಿಂದ ನೀರನ್ನು ನಲ್ಲಿಯಿಂದ ಹಿಡಿಯದೆ, ಮೆಂಬ್ರೇನ್‌ನಿಂದ (ಲವಣ ತಡೆಯುವ ಪೊರೆಯಿಂದ) ಹೊರಬರುವ ಕಾಲು ಇಂಚಿನ ಪೈಪಿಗೆ ಟೀ ಜಾಯಿಂಟ್ ಹಾಕಿ, ಖನಿಜ ಮತ್ತು ತಾಮ್ರದ ಕಾರ್ಟ್ರಿಜ್‌ಗೆ ಹೋಗುವ ಮೊದಲೇ ತೆಗೆದುಕೊಳ್ಳಬೇಕು. ಟಿಡಿಎಸ್ ಮೀಟರ್ ಇಟ್ಟು ನೋಡಿ. ಬೋರ್‌ವೆಲ್ ನೀರು 800 ಇದ್ದರೆ ಮೆಂಬ್ರೇನ್ ನೂರಕ್ಕೆ 95 ಭಾಗ ತಡೆದರೂ 40 ಉಳಿಯುತ್ತದೆ. ಮಂಡ್ಯ ಕಡೆ ಕಬ್ಬಿನ ಗದ್ದೆ ಪಕ್ಕದ ಬೋರ್‌ವೆಲ್ ಆದರೆ ಆ ಉಳಿಕೆಯಲ್ಲಿ ಗೊಬ್ಬರದ ನೈಟ್ರೇಟ್ ಇರಬಹುದು, ಪಾಚಿಗೆ ಅದೇ ಊಟ. ಹಳೆಯ ಸೆಡಿಮೆಂಟ್ ಫಿಲ್ಟರಿನ ಹೌಸಿಂಗನ್ನು ತೊಳೆದು ಅದರಲ್ಲಿ ಬಣ್ಣ ಬದಲಾಗುವ ಮಿಕ್ಸೆಡ್ ಡಿಐ ರೆಸಿನ್ (ಉಳಿದ ಲವಣವನ್ನು ಹಿಡಿದಿಡುವ ಮಣಿಗಳು) ತುಂಬಿಸಿ, ಮೆಂಬ್ರೇನ್ ನೀರನ್ನು ಅದರ ಮೂಲಕ ಹಾಯಿಸಿದರೆ ಮೀಟರ್ ಸೊನ್ನೆಗೆ ಬರುತ್ತದೆ, ಇದೇ ಡಿಐ ನೀರು. ಸೊನ್ನೆ ದಾಟಿತೆಂದರೆ ರೆಸಿನ್ ಮುಗಿಯಿತೆಂದು ಅರ್ಥ. ಎಸಿಯಿಂದ ತೊಟ್ಟಿಕ್ಕುವ ನೀರು ಡಿಸ್ಟಿಲ್ಡ್ ವಾಟರ್ ಇದ್ದಂತೆ ಎಂದು ಹಲವರು ಹಿಡಿದಿಡುತ್ತಾರೆ. ಎಸಿಯ ಕಾಯಿಲ್‌ನಲ್ಲಿ ತಾಮ್ರವೂ ಅಲ್ಯೂಮಿನಿಯಮ್ಮೂ ಇರುವುದರಿಂದ ಅದನ್ನು ತೊಟ್ಟಿಗೆ ಹಾಕಲೇಬೇಡಿ. ಇನ್ವರ್ಟರ್ ಬ್ಯಾಟರಿಗೆ ಮಾರುವ ನೀರು ಸೀಲ್ ಒಡೆಯದ ಹೊಸ ಕ್ಯಾನ್‌ನದ್ದಾಗಿದ್ದು ಮೀಟರಿನಲ್ಲಿ 0–2 ತೋರಿಸಿದರೆ ಸಣ್ಣ ತೊಟ್ಟಿಗೆ ನಡೆಯುತ್ತದೆ. ಆಸಿಡ್ ಕ್ಯಾನ್‌ಗೆ ಮತ್ತೆ ತುಂಬಿಸಿಕೊಟ್ಟದ್ದು ಬೇಡ.

ಉಪ್ಪಿನ ವಿಷಯದಲ್ಲಿ ಮಾತ್ರ ಮನೆಯ ಸಾಮಾನು ನಡೆಯುವುದಿಲ್ಲ. ಗೋಕರ್ಣದ ಬಳಿ ಸಾಣಿಕಟ್ಟೆಯ ಉಪ್ಪು ಸಮುದ್ರದ ನೀರಿನಿಂದಲೇ ಮಾಡಿದ್ದು ತಾನೇ, ಅದನ್ನೇ ಕರಗಿಸಿದರೆ ಆಗದೇ ಎಂಬ ಪ್ರಶ್ನೆ ಸಹಜ. ಆಗುವುದಿಲ್ಲ. ಉಪ್ಪಿನ ಗದ್ದೆಯಲ್ಲಿ ನೀರು ಆವಿಯಾಗುವಾಗ ಕ್ಯಾಲ್ಸಿಯಂ ಲವಣಗಳು ಮೊದಲೇ ಕೆಳಗೆ ಕೂರುತ್ತವೆ, ಮೆಗ್ನೀಸಿಯಂ ಕೊನೆಯ ಕಹಿ ನೀರಿನಲ್ಲಿ ಉಳಿದುಬಿಡುತ್ತದೆ. ನಡುವೆ ಹರಳುಗಟ್ಟುವುದು ಬಹುಪಾಲು ಸೋಡಿಯಂ ಕ್ಲೋರೈಡ್ ಮಾತ್ರ. ಕಡಲನೀರಿನಲ್ಲಿರಬೇಕಾದ ಸುಮಾರು 420 ಪಿಪಿಎಂ ಕ್ಯಾಲ್ಸಿಯಂ, 1300 ಪಿಪಿಎಂ ಮೆಗ್ನೀಸಿಯಂ ಅದರಿಂದ ಬರುವುದಿಲ್ಲ. ರೀಫ್ ಸಾಲ್ಟ್ (ಹವಳದ ತೊಟ್ಟಿಗೆ ಬೇಕಾದ ಉಪ್ಪು) ಎಂದೇ ಮಾರುವುದನ್ನು ಕೊಳ್ಳಿ. ಲೀಟರಿಗೆ ಸುಮಾರು 36ರಿಂದ 38 ಗ್ರಾಂ ಹಾಕಿ, ಪಂಪ್ ಬಿಟ್ಟು ಒಂದು ದಿನ ತಿರುಗಿಸಿ, ಉಪ್ಪಿನಂಶ ಒಂದು ಕಿಲೋ ಉಪ್ಪುನೀರಿಗೆ 35 ಗ್ರಾಂನಷ್ಟು ಬಂದಿದೆಯೇ ನೋಡಿ.

ಹಾಗೆಂದು ಅಡುಗೆ ಉಪ್ಪಿಗೆ ಕೆಲಸವೇ ಇಲ್ಲವೆಂದಲ್ಲ. ಉಪ್ಪಿನಂಶ ಅಳೆಯುವ ರಿಫ್ರಾಕ್ಟೋಮೀಟರನ್ನು ಬರೀ ನೀರಿನಿಂದ ಸೊನ್ನೆಗೆ ಹೊಂದಿಸಿದರೆ 35ರ ಹತ್ತಿರ ತಪ್ಪು ತೋರಿಸಬಹುದು. 3.65 ಗ್ರಾಂ ಒಣ ಪುಡಿ ಉಪ್ಪನ್ನು 96.35 ಗ್ರಾಂ ಡಿಐ ನೀರಿನಲ್ಲಿ ಕರಗಿಸಿ. ಈ ದ್ರಾವಣ ಬೆಳಕನ್ನು ಬಾಗಿಸುವುದು ಸರಿಯಾಗಿ 35ರ ಕಡಲನೀರಿನಷ್ಟೇ. ಅದರ ಎರಡು ಹನಿ ಹಾಕಿ, ಸ್ಕ್ರೂ ತಿರುಗಿಸಿ ಗೆರೆಯನ್ನು 35ಕ್ಕೆ ತನ್ನಿ. ಅಳತೆಗೆ ಚಿನ್ನದಂಗಡಿಯವರು ಬಳಸುವ ಬಗೆಯ, 0.01 ಗ್ರಾಂ ತೋರಿಸುವ ಪುಟ್ಟ ತಕ್ಕಡಿ ಬೇಕು. ಚಮಚದ ಲೆಕ್ಕ ಇಲ್ಲಿ ಸಾಲದು.

ಈಗ ಸುಣ್ಣದ ಮಾತು. ವಿದೇಶದವರು ಉಪ್ಪಿನಕಾಯಿಗೆ ಹಾಕುವ ಸುಣ್ಣದ ಪುಡಿಯನ್ನು ತೊಟ್ಟಿಗೆ ಬಳಸುತ್ತಾರೆ. ಅದು ಅರಳಿಸಿದ ಸುಣ್ಣ, ಎಂದರೆ ಕ್ಯಾಲ್ಸಿಯಂ ಹೈಡ್ರಾಕ್ಸೈಡ್. ವೀಳ್ಯದೆಲೆಗೆ ಹೆಸರಾದ ನಮ್ಮೂರಿನಲ್ಲಿ ಅದೇ ವಸ್ತು ಬೀಡಾ ಅಂಗಡಿಯಲ್ಲಿದೆ. ಬಸವನಹುಳುವಿನ ಚಿಪ್ಪಿಗೆ, ಕಲ್ಲಿನ ಮೇಲೆ ಹಬ್ಬುವ ನೇರಳೆ ಬಣ್ಣದ ಕೊರಲೈನ್ ಪಾಚಿಗೆ ಬೇಕಾದ ಕ್ಯಾಲ್ಸಿಯಂ, ಕ್ಷಾರ ಎರಡೂ ಅದರಿಂದ ಸರಿಯಾದ ಪ್ರಮಾಣದಲ್ಲೇ ಸಿಗುತ್ತವೆ. ಬಿಳಿಯ ಸುಣ್ಣವೇ ಆಗಬೇಕು. ಬಣ್ಣ, ಪರಿಮಳ, ಪುದೀನ ಹಾಕಿದ್ದು ಆಗದು. ಗೋಡೆಗೆ ಬಳಿಯುವ ಸುಣ್ಣವೂ ಬೇಡ, ಅದಕ್ಕೆ ನೀಲಿ, ಅಂಟು ಸೇರಿಸಿರುತ್ತಾರೆ.

ಸುಣ್ಣದ ಮುದ್ದೆಯಲ್ಲಿ ನೀರೆಷ್ಟು, ಸುಣ್ಣವೆಷ್ಟು ಎಂದು ತೂಕದಿಂದ ಹೇಳಲಾಗದು. ಹೇಳಬೇಕಾದ್ದೂ ಇಲ್ಲ. ಎಷ್ಟೇ ಹಾಕಿದರೂ ಒಂದು ಲೀಟರ್ ನೀರಿನಲ್ಲಿ ಕರಗುವುದು ಸುಮಾರು ಒಂದೂವರೆ ಗ್ರಾಂ ಮಾತ್ರ, ಉಳಿದದ್ದು ತಳದಲ್ಲಿ ಕೂರುತ್ತದೆ. ಹೀಗಾಗಿ ಮೇಲಿನ ತಿಳಿನೀರಿನ ಸತ್ವ ಹೆಚ್ಚುಕಡಿಮೆ ಯಾವಾಗಲೂ ಒಂದೇ. ಐದು ಲೀಟರಿನ ಕ್ಯಾನಿಗೆ ಮೂರು ದೊಡ್ಡ ಚಮಚ ಸುಣ್ಣ ಹಾಕಿ, ಕುಲುಕಿ, ಮುಚ್ಚಳ ಬಿಗಿ ಮಾಡಿ ಹನ್ನೆರಡು ಗಂಟೆ ಅಲುಗಿಸದೆ ಬಿಡಿ. ತಳದ ಗಸಿಗಿಂತ ಎರಡು ಬೆರಳು ಮೇಲೆ ಟ್ಯೂಬಿನ ತುದಿ ನಿಲ್ಲುವಂತೆ ಕಟ್ಟಿ ತಿಳಿಯನ್ನು ಮಾತ್ರ ಎಳೆದುಕೊಳ್ಳಿ. ಸುಣ್ಣದ ಜೊತೆ ಬಂದ ಮೆಗ್ನೀಸಿಯಂ, ಲೋಹದ ಕಲ್ಮಶ ಬಹುಪಾಲು ಗಸಿಯಲ್ಲೇ ಉಳಿಯುತ್ತವೆ, ಅದನ್ನು ಕಲಕಿ ಸುರಿದರೆ ಅವೂ ತೊಟ್ಟಿಗೆ ಬೀಳುತ್ತವೆ. ಮೇಲೆ ಹಾಲಿನ ಕೆನೆಯಂತೆ ತೆಳು ಪದರ ಕಟ್ಟಿದ್ದರೆ ಗಾಬರಿ ಬೇಡ, ಗಾಳಿಯ ಇಂಗಾಲದ ಡೈಆಕ್ಸೈಡ್ ತಾಗಿ ಆದ ಕ್ಯಾಲ್ಸಿಯಂ ಕಾರ್ಬೊನೇಟ್ ಅದು. ಆದರೆ ಮುಚ್ಚಳ ತೆರೆದೇ ಇಟ್ಟರೆ ಸತ್ವವೆಲ್ಲ ಹಾಗೆಯೇ ಮುಗಿದುಹೋಗುತ್ತದೆ.

ತಿಳಿಯಾಗಿ ಕಾಣುವುದರಿಂದ ಮಕ್ಕಳು ಕುಡಿಯುವ ನೀರೆಂದು ತಿಳಿದಾರು. ಅದರ ಪಿಎಚ್ 12ರ ಮೇಲೆ, ಕಣ್ಣಿಗೆ ಹಾರಿದರೆ ಸುಡುತ್ತದೆ. ಕ್ಯಾನಿನ ಮೇಲೆ ಕನ್ನಡದಲ್ಲಿ ದೊಡ್ಡದಾಗಿ ಬರೆದು ಎತ್ತರದಲ್ಲಿಡಿ. ಕಣ್ಣಿಗೆ ಬಿದ್ದರೆ ಕಾಲು ಗಂಟೆ ನೀರಿನಲ್ಲಿ ತೊಳೆದು ವೈದ್ಯರ ಬಳಿ ಹೋಗಿ.

ಈ ತಿಳಿಯನ್ನು ಒಂದೇ ಸಲ ಸುರಿದರೆ ತೊಟ್ಟಿಯ ಪಿಎಚ್ ಏರಿ ನೀರೆಲ್ಲ ಹಿಮ ಬಿದ್ದಂತೆ ಬೆಳ್ಳಗಾಗುತ್ತದೆ. ಹನಿಹನಿಯಾಗಿ, ಅದೂ ದೀಪ ಆರಿಸಿದ ಮೇಲೆ ಬಿಡಬೇಕು. ರಾತ್ರಿ ಪಾಚಿ, ಹವಳಗಳು ಉಸಿರಾಡಿ ಪಿಎಚ್ ಇಳಿಸುವ ಹೊತ್ತು ಅದು. ಹನಿ ಬಿಡಲು ಮೆಡಿಕಲ್ ಶಾಪಿನಲ್ಲಿ ಸಿಗುವ ಗ್ಲೂಕೋಸ್ ಡ್ರಿಪ್ ಸೆಟ್ಟಿಗಿಂತ ಒಳ್ಳೆಯ ಉಪಕರಣವಿಲ್ಲ. ಹೊಸದನ್ನೇ ತನ್ನಿ. ಸಾಮಾನ್ಯ ಸೆಟ್ಟಿನಲ್ಲಿ 20 ಹನಿಗೆ ಒಂದು ಮಿಲಿಲೀಟರ್. ಒಂದು ಲೀಟರನ್ನು ಎಂಟು ಗಂಟೆಯಲ್ಲಿ ಇಳಿಸಬೇಕೆಂದರೆ ನಿಮಿಷಕ್ಕೆ 42 ಹನಿ. ಗಡಿಯಾರ ನೋಡಿ ಎಣಿಸಿ ಟ್ಯೂಬಿನ ಮೇಲಿನ ಚಕ್ರ ಹೊಂದಿಸಿ. ಆವಿಯಾದ ನೀರಿನಷ್ಟೇ ಬಿಡಬೇಕು, ಅದಕ್ಕಿಂತ ಹೆಚ್ಚಲ್ಲ. ನೂರು ಲೀಟರಿನ ತೊಟ್ಟಿಗೆ ಒಂದು ಲೀಟರ್ ಪೂರ್ಣ ಸತ್ವದ ತಿಳಿ ಬಿಟ್ಟರೆ ಕ್ಷಾರ ಸುಮಾರು 1.1 ಡಿಕೆಎಚ್ (ಕ್ಷಾರ ಅಳೆಯುವ ಮಾನ), ಕ್ಯಾಲ್ಸಿಯಂ 8 ಪಿಪಿಎಂ ಏರುತ್ತದೆ. ಮೆತ್ತನೆ ಹವಳದ ತೊಟ್ಟಿಗೆ ದಿನಕ್ಕೆ ಇಷ್ಟು ಬೇಕಾಗುವುದಿಲ್ಲ. ಕಾಲು ಲೀಟರ್ ತಿಳಿಗೆ ಮುಕ್ಕಾಲು ಲೀಟರ್ ಡಿಐ ನೀರು ಬೆರೆಸಿ ಆರಂಭಿಸಿ, ವಾರ ಕಳೆದು ಅಳೆದು ನೋಡಿ ಬದಲಿಸಿ.

ಡ್ರಿಪ್ ಸೆಟ್ ಕೈಕೊಡುವುದು ಎರಡು ಬಗೆಯಲ್ಲಿ. ಸುಣ್ಣ ಕಟ್ಟಿ ಒಳಗಿನ ಜಾಲರಿ ಮುಚ್ಚಿಹೋಗುತ್ತದೆ, ವಾರಕ್ಕೊಮ್ಮೆ ವಿನೆಗರಿನಲ್ಲಿ ನೆನೆಸಿದರೆ ಬಿಡುತ್ತದೆ. ಇನ್ನೊಂದು ಅಪಾಯದ್ದು: ಚಕ್ರ ಸಡಿಲವಾಗಿ ಕ್ಯಾನಿನಲ್ಲಿದ್ದದ್ದೆಲ್ಲ ತೊಟ್ಟಿಗೆ ಇಳಿಯುತ್ತದೆ. ಐದು ಲೀಟರ್ ಕ್ಯಾನನ್ನೇ ಮೇಲೆ ತೂಗುಹಾಕಿದವರ ತೊಟ್ಟಿ ಬೆಳಗಾಗುವುದರೊಳಗೆ ಸತ್ತಿರುತ್ತದೆ. ಆ ರಾತ್ರಿಗೆ ಬೇಕಾದಷ್ಟನ್ನು ಮಾತ್ರ ಬೇರೆ ಬಾಟಲಿಗೆ ತುಂಬಿಸಿ ತೂಗುಹಾಕಿ. ಆಗ ಚಕ್ರ ಜಾರಿದರೂ ಹಾನಿಗೆ ಒಂದು ಮಿತಿ ಇರುತ್ತದೆ.

ಕ್ಷಾರವೊಂದೇ ಕಡಿಮೆಯಾಗಿದ್ದರೆ ಅಡುಗೆ ಸೋಡಾ ಸಾಕು. ನೂರು ಲೀಟರ್ ನೀರಿಗೆ 3 ಗ್ರಾಂ ಹಾಕಿದರೆ 1 ಡಿಕೆಎಚ್ ಏರುತ್ತದೆ. ಡಿಐ ನೀರಿನಲ್ಲಿ ಕರಗಿಸಿ, ನೀರು ಜೋರಾಗಿ ಹರಿಯುವ ಕಡೆ ಸುರಿಯಿರಿ. ದಿನಕ್ಕೆ 1 ಡಿಕೆಎಚ್‌ಗಿಂತ ಹೆಚ್ಚು ಏರಿಸಬೇಡಿ, 8–9ರ ನಡುವೆ ನಿಂತರೆ ಸಾಕು. ಪ್ಯಾಕೆಟ್ಟಿನ ಮೇಲೆ ಸೋಡಿಯಂ ಬೈಕಾರ್ಬೊನೇಟ್ ಒಂದೇ ಬರೆದಿರಬೇಕು. ಬೇಕಿಂಗ್ ಪೌಡರ್ ಬೇರೆ ವಸ್ತು, ಅದರಲ್ಲಿ ಪಿಷ್ಟ, ಆಮ್ಲ, ಹಲವು ಬಾರಿ ಫಾಸ್ಫೇಟ್ ಇರುತ್ತವೆ.

ತೊಟ್ಟಿಯೊಳಗಿಡುವ ಕಲ್ಲನ್ನು ಮನೆಯಲ್ಲೇ ಮಾಡಿಕೊಳ್ಳಬಹುದು. ಒಂದು ಪಾಲು ವೈಟ್ ಸಿಮೆಂಟ್, ಎರಡು ಪಾಲು ಕೋಳಿ ಮೇವಿನ ಅಂಗಡಿಯಲ್ಲಿ ಸಿಗುವ ಚಿಪ್ಪಿನ ನುಚ್ಚು, ಎರಡು ಪಾಲು ಕಲ್ಲುಪ್ಪು. ವಾಲ್ ಪುಟ್ಟಿಯನ್ನು ವೈಟ್ ಸಿಮೆಂಟ್ ಎಂದುಕೊಂಡು ತರಬೇಡಿ, ಅದರಲ್ಲಿ ಅಂಟಿನ ಪಾಲಿಮರ್ ಇರುತ್ತದೆ. ಚಿಪ್ಪನ್ನು ತೊಳೆದು ಒಣಗಿಸಿ ಮೂರನ್ನೂ ಒಣದಾಗಿಯೇ ಬೆರೆಸಿ. ನೀರನ್ನು ಚಿಮುಕಿಸಿ ಚಿಮುಕಿಸಿ, ರವೆ ಉಂಡೆ ಕಟ್ಟುವ ಹದಕ್ಕೆ, ಮುಷ್ಟಿಯಲ್ಲಿ ಹಿಡಿದರೆ ನಿಲ್ಲುವಷ್ಟು ಮಾತ್ರ ಹಾಕಿ. ನೀರು ಹೆಚ್ಚಾದರೆ ಉಪ್ಪು ಆಗಲೇ ಕರಗಿ, ಕಲ್ಲು ಸಂದಿಲ್ಲದ ಗಟ್ಟಿ ಮುದ್ದೆಯಾಗುತ್ತದೆ. ಹಸಿ ಮರಳಿನಲ್ಲಿ ಗುಂಡಿ ಮಾಡಿ ತುಂಬಿ. ಬೆರಳಿನಿಂದ ತೂತು, ಗವಿ ಮಾಡಿ. ಮೂರು ದಿನ ಬಿಟ್ಟು ತೆಗೆದು, ಒದ್ದೆ ಗೋಣಿಚೀಲ ಹೊದಿಸಿ ಒಂದು ವಾರ ಇಡಿ. ಆಮೇಲೆ ಡ್ರಮ್ಮಿನಲ್ಲಿ ಮುಳುಗಿಸಿ ಮೂರು ನಾಲ್ಕು ದಿನಕ್ಕೊಮ್ಮೆ ನೀರು ಚೆಲ್ಲಿ ಬದಲಿಸಿ. ಉಪ್ಪು ಕರಗಿ ಹೋದ ಜಾಗವೇ ನೀರಿನ ಕೊಳೆಯನ್ನು ಅರಗಿಸುವ ಬ್ಯಾಕ್ಟೀರಿಯಾಗಳ ಮನೆ.

ಇಲ್ಲಿ ಅವಸರ ಮಾಡುವವರೇ ಹೆಚ್ಚು. ಹೊಸ ಸಿಮೆಂಟು ವಾರಗಟ್ಟಲೆ ಸುಣ್ಣ ಬಿಡುತ್ತದೆ. ನಾಲ್ಕರಿಂದ ಎಂಟು ವಾರ ಬೇಕು. ಹೊಸ ನೀರಿನಲ್ಲಿ ಎರಡು ದಿನ ಇಟ್ಟ ಮೇಲೂ ಪಿಎಚ್ 8.5 ದಾಟದಿದ್ದರೆ ಕಲ್ಲು ತಯಾರು. ತೊಟ್ಟಿಗೆ ಹಾಕಿದ ಮೇಲೆ ಹೆಬ್ಬೆರಳಿನಷ್ಟು ಹಸಿ ಸಿಗಡಿ ಚೂರೊಂದನ್ನು ಕೊಳೆಯಲು ಬಿಡಿ. ಅದರಿಂದ ಬರುವ ಅಮೋನಿಯಾ ಬ್ಯಾಕ್ಟೀರಿಯಾಗಳಿಗೆ ಆಹಾರ. ಅಮೋನಿಯಾ, ನೈಟ್ರೈಟ್ ಎರಡೂ ಏರಿ ಮತ್ತೆ ಸೊನ್ನೆಗೆ ಇಳಿಯುವವರೆಗೆ, ಎಂದರೆ ಇನ್ನೂ ನಾಲ್ಕಾರು ವಾರ, ಒಂದು ಮೀನನ್ನೂ ಬಿಡಬಾರದು.

ಏಪ್ರಿಲ್ ಬಿಸಿಲಿಗೆ ಚಿಲ್ಲರ್ ಕೊಳ್ಳುವ ಮುಂಚೆ ಹಳೆಯ ಕಂಪ್ಯೂಟರಿನ 12 ವೋಲ್ಟ್ ಫ್ಯಾನ್, ಕೆಟ್ಟ ರೂಟರಿನ 12 ವೋಲ್ಟ್ ಅಡಾಪ್ಟರ್ ಜೋಡಿಸಿ ನೋಡಿ. ಒಂದು ಲೀಟರ್ ನೀರು ಆವಿಯಾಗುವಾಗ ಹೊತ್ತೊಯ್ಯುವ ಶಾಖ ನೂರು ಲೀಟರ್ ನೀರನ್ನು ಐದಾರು ಡಿಗ್ರಿ ಇಳಿಸುವಷ್ಟು. ಕೋಣೆಯ ಬಿಸಿ ಮತ್ತೆ ಸೇರುತ್ತಿರುವುದರಿಂದ ಕೈಗೆ ಸಿಗುವುದು ಎರಡು ಮೂರು ಡಿಗ್ರಿ, ಅಷ್ಟೇ ಸಾಕಾಗುತ್ತದೆ. ನಮ್ಮ ಬೇಸಿಗೆಯ ಒಣ ಗಾಳಿಗೆ ಇದು ಚೆನ್ನಾಗಿ ಕೆಲಸ ಮಾಡುತ್ತದೆ, ಕರಾವಳಿಯ ಸೆಕೆಯಲ್ಲಿ ಅಷ್ಟು ಮಾಡದು. ಫ್ಯಾನು ನೀರಿನ ಮೇಲೆ ಓರೆಯಾಗಿ ಗಾಳಿ ಊದಬೇಕು. ನೀರಿನ ಕಡೆಯಿಂದ ಗಾಳಿ ಎಳೆಯುವಂತೆ ಇಟ್ಟರೆ ಉಪ್ಪಿನ ತೇವ ಬೇರಿಂಗಿಗೆ ಹೋಗಿ ಬೇಗ ಹಾಳಾಗುತ್ತದೆ. ನೀರು 25ರಿಂದ 27 ಡಿಗ್ರಿಯಲ್ಲಿರಲಿ. 30 ದಾಟಿ ದಿನಗಟ್ಟಲೆ ನಿಂತರೆ ಹವಳ ತನ್ನೊಳಗಿನ ಪಾಚಿಯನ್ನು ಹೊರದೂಡಿ ಬೆಳ್ಳಗಾಗುತ್ತದೆ.

ಆವಿಯಾಗುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆ. ನೂರರಲ್ಲಿ ಎರಡು ಲೀಟರ್ ಹೋದರೆ 35 ಇದ್ದದ್ದು 35.7 ಆಗುತ್ತದೆ. ಹಾಗಾಗಿ ತುಂಬಿಸುವುದು ಡಿಐ ನೀರನ್ನೇ, ಉಪ್ಪುನೀರನ್ನಲ್ಲ. ತಾನೇ ತುಂಬಿಕೊಳ್ಳಲಿ ಎಂದರೆ ಆರ್‌ಒ ಯಂತ್ರದ ಒಳತೊಟ್ಟಿಯಲ್ಲಿರುವ ಪುಟ್ಟ ಪ್ಲಾಸ್ಟಿಕ್ ಫ್ಲೋಟ್ ವಾಲ್ವ್ ಸರಿಹೊಂದುತ್ತದೆ. ಸಿಂಟೆಕ್ಸ್ ತೊಟ್ಟಿಯ ಹಿತ್ತಾಳೆ ಬಾಲ್ ಕಾಕ್ ಖಂಡಿತ ಬೇಡ, ಹಿತ್ತಾಳೆಯಲ್ಲಿ ಬಹುಪಾಲು ತಾಮ್ರವೇ. ಬಸವನಹುಳು ಹತ್ತಿ ಕೂತು ಫ್ಲೋಟ್ ಸಿಕ್ಕಿಕೊಳ್ಳುವುದುಂಟು, ಅದಕ್ಕೆ ಡಿಐ ನೀರು ತುಂಬಿಟ್ಟ ಮೇಲಿನ ಕ್ಯಾನು ಐದು ಲೀಟರ್ ಮೀರದಿರಲಿ.

ಸಣ್ಣಪುಟ್ಟವು ಇನ್ನೂ ಇವೆ. ಗಾಜಿನ ಪಾಚಿ ಕೆರೆಯಲು ಅವಧಿ ಮುಗಿದ ಎಟಿಎಂ ಕಾರ್ಡ್, ಕಲ್ಲಿಗೆ ಹೊಸ ಹಲ್ಲುಜ್ಜುವ ಬ್ರಷ್, ಐಪ್ಟೇಸಿಯಾ ಎಂಬ ಬೇಡದ ಕಡಲಹೂವಿನ (ಹೂವಿನಂತೆ ಕಾಣುವ ಪ್ರಾಣಿ) ಬಾಯಿಗೆ ಸಿರಿಂಜಿನಲ್ಲಿ ನಿಂಬೆರಸ. ಫಾಲ್ಸ್ ಸೀಲಿಂಗ್ ದೀಪದ ಪ್ಲಾಸ್ಟಿಕ್ ಜಾಲರಿ ಹವಳದ ತುಂಡು ಜೋಡಿಸಲು ಚೆನ್ನ. ದಿಂಬಿನ ಪಾಲಿಯೆಸ್ಟರ್ ಹತ್ತಿ ಫಿಲ್ಟರಿಗೆ ಆಗುತ್ತದೆ, ಮೂರು ನಾಲ್ಕು ದಿನಕ್ಕೆ ಎಸೆಯದಿದ್ದರೆ ಅದೇ ಕೊಳಕಿನ ಮೂಲ. ಸುಣ್ಣ ಕಟ್ಟಿದ ಪಂಪನ್ನು ಸಮಪಾಲು ವಿನೆಗರ್, ನೀರಿನಲ್ಲಿ ಒಂದೆರಡು ಗಂಟೆ ನೆನೆಸಿ. ಪಾತ್ರೆ ತೊಳೆಯುವ ಸೋಪು ಮುಟ್ಟಿಸಬೇಡಿ. ಹಳೆಯ ಪೇಂಟ್ ಡಬ್ಬ, ವಾಸನೆ ಬರುವ ಮರುಬಳಕೆ ಪ್ಲಾಸ್ಟಿಕ್ಕಿನ ಬಣ್ಣದ ಬಕೆಟ್ ದೂರವಿರಲಿ, ತಳದಲ್ಲಿ 2 ಅಥವಾ 5 ಅಂಕೆಯಿರುವ ಆಹಾರದ ಡಬ್ಬಗಳನ್ನೇ ಆರಿಸಿ. ಹಳೆಯ ಟಿವಿ ಸ್ಟ್ಯಾಂಡಿನ ಮೇಲೆ ತೊಟ್ಟಿ ಇಡುವವರಿದ್ದಾರೆ. ನೂರು ಲೀಟರ್ ಉಪ್ಪುನೀರೇ 102 ಕೆಜಿ ದಾಟುತ್ತದೆ, ನೆನೆದರೆ ಉಬ್ಬುವ ಪಾರ್ಟಿಕಲ್ ಬೋರ್ಡ್ ಅದನ್ನು ತಡೆಯದು.

ಕರೆಂಟಿನ ಬಗ್ಗೆ ಒಂದು ಮಾತು. ಸ್ಕ್ವೇರ್ ವೇವ್ ಇನ್ವರ್ಟರಿನಲ್ಲಿ ಪಂಪ್ ಗುಂಯ್‌ಗುಟ್ಟಿ ಬಿಸಿಯಾಗುತ್ತದೆ, ಸೈನ್ ವೇವ್ ಬೇಕು. ವೈರನ್ನು ಪ್ಲಗ್ಗಿಗಿಂತ ಕೆಳಗೆ ಇಳಿಬಿಟ್ಟು ಮತ್ತೆ ಮೇಲೆ ಒಯ್ದರೆ ಹನಿ ಸಾಕೆಟ್ಟಿಗೆ ಹೋಗುವುದಿಲ್ಲ. 30 ಮಿಲಿಆಂಪ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಕ್ಷಣ ಕಡಿಯುವ ಸ್ವಿಚ್) ಇಲ್ಲದೆ ಉಪ್ಪುನೀರಿಗೆ ಕೈ ಹಾಕಬೇಡಿ.

ಎಲ್ಲ ಸರಿಯಿದ್ದೂ ಸಿಗಡಿ ಒಂದೇ ದಿನ ಸಾಲಾಗಿ ಸತ್ತರೆ ಸೊಳ್ಳೆ, ಇರುವೆ ಔಷಧದ ಕಡೆ ನೋಡಿ. ಇವುಗಳಲ್ಲಿ ಬಹುಪಾಲು ಪೈರೆಥ್ರಾಯ್ಡ್ ಗುಂಪಿನವು. ನಮಗೆ ಅಷ್ಟು ತಟ್ಟದ ಪ್ರಮಾಣ ಸಿಗಡಿ, ಮೀನಿಗೆ ಮಾರಕ. ಗಾಳಿ ಪಂಪು, ಗುಳ್ಳೆಯಿಂದ ಕೊಳೆ ತೆಗೆಯುವ ಸ್ಕಿಮ್ಮರುಗಳು ಕೋಣೆಯ ಗಾಳಿಯನ್ನೇ ಎಳೆದು ನೀರಿಗೆ ಬೆರೆಸುತ್ತವೆ. ತೊಟ್ಟಿಯಿರುವ ಕೋಣೆಯಲ್ಲಿ ಸೊಳ್ಳೆಬತ್ತಿ, ಸ್ಪ್ರೇ ಬೇಡ. ಸ್ಟ್ಯಾಂಡಿನ ಕಾಲಿಗೆ ಇರುವೆ ಚಾಕ್ ಎಳೆಯಬೇಡಿ, ಕಾಲನ್ನು ನೀರಿನ ಬಟ್ಟಲಿನಲ್ಲಿ ಇಡಿ. ಮೀನು ಹಾರದಂತೆ ಸೊಳ್ಳೆಪರದೆ ಮುಚ್ಚುವುದಾದರೆ ಔಷಧ ಲೇಪಿಸದ ಬಟ್ಟೆಯೇ ಎಂದು ಖಚಿತಪಡಿಸಿಕೊಳ್ಳಿ.

ಕೊನೆಯದಾಗಿ, ಕಡಲಿನಿಂದ ಉಚಿತವಾಗಿ ತರುವ ಯೋಚನೆ ಯಾರಿಗೂ ಬೇಡ. ಗಟ್ಟಿ ಹವಳ, ಕಪ್ಪು ಹವಳ, ಸಮುದ್ರ ಬೀಸಣಿಗೆ, ಕಡಲಕುದುರೆಗಳನ್ನು 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972ರ ಪಟ್ಟಿಗೆ ಸೇರಿಸಲಾಗಿದೆ. ಮುರುಡೇಶ್ವರದ ಎದುರಿನ ನೇತ್ರಾಣಿಯಿಂದ ಹವಳದ ಒಂದು ಚೂರು ತಂದರೂ ಅಪರಾಧ. ಹೊರದೇಶದ ಜೀವಿಗಳಲ್ಲೂ ಸೈಟಿಸ್ (ಅಪಾಯದಲ್ಲಿರುವ ಜೀವಿಗಳ ವ್ಯಾಪಾರ ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದ) ಪಟ್ಟಿಯಲ್ಲಿರುವವನ್ನು ಇಟ್ಟುಕೊಂಡರೆ 2022ರ ತಿದ್ದುಪಡಿಯ ಪ್ರಕಾರ ನೋಂದಣಿ ಮಾಡಿಸಬೇಕು. ಅಂಗಡಿಯವರು ಹವಳ, ಮೀನು ಮಾರುವಾಗ ಜೀವಿಯ ಹೆಸರು, ಅದು ತೊಟ್ಟಿಯಲ್ಲಿ ಬೆಳೆದದ್ದೋ ಕಡಲಿನಿಂದ ಹಿಡಿದದ್ದೋ ಎಂಬುದನ್ನು ಬಿಲ್ಲಿನಲ್ಲೇ ಬರೆದುಕೊಡಬೇಕೆಂದು ನಮ್ಮ ಕೋರಿಕೆ. ಬರೆದುಕೊಡಲು ಒಪ್ಪದ ಅಂಗಡಿಯಲ್ಲಿ ಕೊಳ್ಳಬೇಡಿ, ಅನುಮಾನವಿದ್ದರೆ ದುಡ್ಡು ಕೊಡುವ ಮುಂಚೆ ಅರಣ್ಯ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿ.

— ಉಪ್ಪುನೀರಿನ ಅಕ್ವೇರಿಯಂ ಸಾಕುವ ಕೆಲವರು, ಮೈಸೂರು